ಓತಿಕ್ಯಾತದ ನಾಡಿ ಬಲ್ಲವರಾರು?

ಓತಿಕ್ಯಾತಕ್ಕೆ ಬೇಲಿಯೇ ಸಾಕ್ಷಿ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಒಬ್ಬನ ಮಾತಿಗೆ ಅವನ ಜೊತೆಗಾರನೇ ಸಾಕ್ಷಿ ನುಡಿಯಲು ನಿಂತಾಗ ಹಿರಿಯರು ಇದನ್ನು ನಕ್ಕು ಹೇಳುತ್ತಾರೆ. ಆದರೆ ಗಾದೆಯೊಳಗೆ ಇನ್ನೊಂದು ಮಾತೂ ಅಡಗಿ ಕುಳಿತಿದೆ. ಓತಿ ನರಳುವುದಿಲ್ಲ, ದನದಂತೆ ಅಂಬಾ ಎನ್ನುವುದಿಲ್ಲ, ನಾಯಿಯಂತೆ ನೋವಾದ ಕಾಲನ್ನು ಎತ್ತಿ ತೋರಿಸುವುದಿಲ್ಲ. ಅದರ ಆರೋಗ್ಯ ಹೇಗಿದೆ ಎಂದು ತಿಳಿಯಬೇಕಾದರೆ ಅದು ಕುಳಿತ ಜಾಗವನ್ನೇ ಕೇಳಬೇಕು. ಆಗ ಬೇಲಿ ನಿಜವಾಗಿಯೂ ಸಾಕ್ಷಿ ಹೇಳುತ್ತದೆ.

ನವಲಗುಂದದಲ್ಲಿ ಇಂಥ ಸಾಕ್ಷಿಗಳಿಗೆ ಬರವಿಲ್ಲ. ಎರೆಹೊಲದ ಬದುವಿನ ಜಾಲಿಕಂಟಿ, ಹಿತ್ತಲದ ಮುಳ್ಳುಬೇಲಿ, ಹಳೆಯ ಮಾಳಿಗೆ ಮನೆಗಳ ಮಣ್ಣಿನ ಗೋಡೆ, ಮಲಪ್ರಭೆಯ ಕಾಲುವೆಯ ದಂಡೆ, ಎಲ್ಲೆಡೆಯೂ ಒಂದಲ್ಲ ಒಂದು ಹಲ್ಲಿ ಜಾತಿಯ ಪ್ರಾಣಿ ಕಾಣುತ್ತದೆ. ಊರಿನ ಹೆಸರು ನವಿಲುಗುಂದ ಎಂಬುದರಿಂದ ಬಂದದ್ದು ಎನ್ನುತ್ತಾರೆ. ಇಲ್ಲಿಯ ಜಮಖಾನೆಗಳ ಮೇಲೆ ಹೆಣ್ಣುಮಕ್ಕಳು ನೇಯುವ ಆ ನವಿಲಿಗೂ ಓತಿಯೆಂದರೆ ಬಾಯಿ ನೀರೂರುವ ಊಟವೇ. ಇಷ್ಟು ಶತ್ರುಗಳ ನಡುವೆ ಬದುಕುವ ಪ್ರಾಣಿ ತನ್ನ ಬೇನೆಯನ್ನು ಹೊರಗೆ ತೋರಿಸಿಕೊಂಡರೆ ಅಂದೇ ಯಾರದೋ ಹೊಟ್ಟೆ ಸೇರುತ್ತದೆ. ಆದ್ದರಿಂದ ರೋಗವನ್ನು ಕೊನೆಯ ತನಕ ಮುಚ್ಚಿಡುವುದು ಅದಕ್ಕೆ ಹುಟ್ಟಿನಿಂದ ಬಂದ ಗುಣ. ಸಾಕಿದ ಹಲ್ಲಿಯೂ ಇದನ್ನು ಮರೆಯುವುದಿಲ್ಲ. ಮನೆಯವರ ಕಣ್ಣಿಗೆ ಬೇನೆ ಬೀಳುವ ಹೊತ್ತಿಗೆ ಅದು ಎಷ್ಟೋ ವಾರಗಳಿಂದ ಬೇನೆಬಿದ್ದಿರುತ್ತದೆ.

ಬೆಳಗಿನ ಏಳೂವರೆಗೆ ಹಿತ್ತಲಕ್ಕೆ ಹೋದ ಹುಡುಗ ನೋಡಿದರೆ ಓತಿ ಬೇಲಿಗೂಟದ ಮೇಲೆ ಬಿಸಿಲಿಗೆ ಮೈಯೊಡ್ಡಿ, ಚಪ್ಪಟೆಯಾಗಿ ಕುಳಿತಿರುತ್ತದೆ. ಮೈ ಬಣ್ಣ ಕಪ್ಪಾಗಿರುತ್ತದೆ. ಒಂಬತ್ತರ ಸುಮಾರಿಗೆ ಬಣ್ಣ ತಿಳಿಯಾಗಿ, ಹುಳ ಹಿಡಿಯಲು ಓಡಾಟ ಆರಂಭವಾಗುತ್ತದೆ. ಮಧ್ಯಾಹ್ನ ಹುಡುಕಿದರೂ ಸಿಗುವುದಿಲ್ಲ, ನೆರಳು ಸೇರಿರುತ್ತದೆ. ಸಂಜೆ ಮತ್ತೆ ಬೇಲಿಗೆ ಹಾಜರು. ಮನುಷ್ಯನ ಮೈ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಓತಿಗೆ ಆ ಒಲೆ ಇಲ್ಲ. ಬಿಸಿಲು ಅದರ ಒಲೆ, ನೆರಳು ಅದರ ನೀರ ಗಡಿಗೆ. ತಿಂದದ್ದು ಅರಗಬೇಕಾದರೂ ಗಾಯ ಮಾಯಬೇಕಾದರೂ ಮೈ ತಕ್ಕಷ್ಟು ಕಾದಿರಬೇಕು. ದಿನಕ್ಕೆ ಹತ್ತಾರು ಸಲ ಜಾಗ ಬದಲಿಸುತ್ತ ಅದು ಮಾಡುವುದು ಇದೊಂದೇ ಕೆಲಸ.

ಈಗ ಅದೇ ಓತಿಯನ್ನು ಹುಡುಗರು ಬಲೆಯೊಡ್ಡಿ ಹಿಡಿದು, ಬೂಟಿನ ರಟ್ಟಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಕಪಾಟಿನ ಕೆಳಗೆ ಇಡುತ್ತಾರೆ. ನೊಣ ಹಾಕುತ್ತಾರೆ, ನೀರು ಇಡುತ್ತಾರೆ, ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಒಂದೆರಡು ದಿನ ಅದು ತಿನ್ನುವುದಿಲ್ಲ. ಮುಂದೆ ಅಲುಗಾಡುವುದಿಲ್ಲ. ‘ಸಿಟ್ಟಿಗೆದ್ದು ಸತ್ತತಲೇ’ ಎಂದು ಹುಡುಗರು ತೀರ್ಮಾನಿಸಿ ಹಿತ್ತಲದಲ್ಲಿ ಮಣ್ಣು ಮಾಡುತ್ತಾರೆ. ಅದು ಸತ್ತದ್ದು ಸಿಟ್ಟಿನಿಂದಲ್ಲ. ಡಬ್ಬಿಯಲ್ಲಿ ಬಿಸಿಲೂ ಇರಲಿಲ್ಲ, ಆರಿಸಿಕೊಳ್ಳಲು ನೆರಳೂ ಇರಲಿಲ್ಲ.

ಈ ಮಾತನ್ನು ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿಕೊಟ್ಟಿದ್ದಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಮರುಭೂಮಿಯ ಇಗುವಾನಾಗಳಿಗೆ ರೋಗಾಣು ಚುಚ್ಚಿ ನೋಡಿದರು. ಬೇನೆಬಿದ್ದ ಪ್ರಾಣಿಗಳು ತಾವಾಗಿಯೇ ಹೆಚ್ಚು ಬಿಸಿಯಾದ ಜಾಗ ಹುಡುಕಿಕೊಂಡು ಹೋದವು. ಮನುಷ್ಯನಿಗೆ ಜ್ವರ ಒಳಗಿನಿಂದ ಬರುತ್ತದೆ, ಹಲ್ಲಿ ತನ್ನ ಜ್ವರವನ್ನು ಹೊರಗಿನಿಂದ ತಂದುಕೊಳ್ಳುತ್ತದೆ. 1975ರಲ್ಲಿ ಪ್ರಕಟವಾದ ಅವರ ಇನ್ನೊಂದು ಪ್ರಯೋಗದಲ್ಲಿ, ರೋಗ ತಗುಲಿದ ಇಗುವಾನಾಗಳನ್ನು ಬೇರೆಬೇರೆ ಕಾವಿನಲ್ಲಿ ಕೂಡಿಹಾಕಲಾಯಿತು. 42 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದವುಗಳಲ್ಲಿ ಹೆಚ್ಚಿನವು ಬದುಕಿದವು, 34 ಡಿಗ್ರಿಯಲ್ಲಿದ್ದವು ಬದುಕಲಿಲ್ಲ. ರೋಗಾಣು ಒಂದೇ, ಪ್ರಾಣಿ ಒಂದೇ. ಬೇರೆಯಾಗಿದ್ದದ್ದು ಜಾಗದ ಕಾವು ಮಾತ್ರ. ಹಲ್ಲಿ ಜಾತಿಗೆ ಮೊದಲ ಔಷಧ ಸರಿಯಾದ ಜಾಗ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಇಲ್ಲಿ ಪಾಲಕರು ತಿಳಿದಿರಬೇಕಾದ ಕಾನೂನಿನ ಮಾತೊಂದಿದೆ. ಉಡ, ಊಸರವಳ್ಳಿ, ನಕ್ಷತ್ರ ಆಮೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಇವನ್ನು ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು ಅಪರಾಧ. ಬೇಲಿಯ ಓತಿಯನ್ನೂ ಗೋಡೆಯ ಹಲ್ಲಿಯನ್ನೂ ಹಿಡಿದು ಸಾಕದಿರುವುದೇ ಧರ್ಮ. ಅವಕ್ಕೆ ಹಿತ್ತಲವೇ ಮನೆ. ಹೊರದೇಶದ ಹಲ್ಲಿಗಳಿಗೆ ಬೇರೆ ನಿಯಮವಿದೆ. ಹಸಿರು ಇಗುವಾನಾದಂಥ, ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕುವವರು ಹೆಸರು ನೋಂದಾಯಿಸಬೇಕೆಂದು 2022ರ ತಿದ್ದುಪಡಿ ವಿಧಿಸಿತು. ಅದರಂತೆ 2024ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಿಗೆ ಅರ್ಜಿ ಕೊಡಬೇಕು. ಪ್ರಾಣಿ ಕೈ ಬದಲಾದರೂ, ಮರಿ ಹಾಕಿದರೂ, ಸತ್ತರೂ ತಿಳಿಸಬೇಕು.

ಇಂಥ ಒಂದು ಪ್ರಾಣಿ ನವಲಗುಂದದ ಒಂದು ಮನೆಗೆ ಬಂದಿತು ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಕಾಕಾ ಕಾಗದಪತ್ರ ಸರಿಮಾಡಿಕೊಂಡು, ಅಣ್ಣನ ಮಗನಿಗೆಂದು ಗೇಣುದ್ದದ ಹಸಿರು ಇಗುವಾನಾ ತಂದುಕೊಟ್ಟ. ಗಾಜಿನ ಪೆಟ್ಟಿಗೆ, ಅದರಲ್ಲೊಂದು ಟೊಂಗೆ, ಒಂದು ಬಲ್ಬು. ಓಣಿಯ ಹುಡುಗರೆಲ್ಲ ನೋಡಿ ಹೋದರು. ಅಜ್ಜಿ ಮಾತ್ರ ಮೂಗಿನ ಮೇಲೆ ಬೆರಳಿಟ್ಟು, ‘ಇದು ದೊಡ್ಡದಾದ ಮ್ಯಾಲೆ ಎಷ್ಟ ಉದ್ದ ಆಗತೈತೋ?’ ಎಂದು ಕೇಳಿದಳು. ಯಾರೂ ಕೇಳದ ಒಳ್ಳೆಯ ಪ್ರಶ್ನೆ ಅದು. ಬಾಲ ಸೇರಿ ಐದಡಿಯವರೆಗೆ ಬೆಳೆಯುವ, ಚೆನ್ನಾಗಿ ಸಾಕಿದರೆ ಹದಿನೈದು ವರ್ಷಕ್ಕೂ ಮಿಕ್ಕಿ ಬದುಕುವ ಪ್ರಾಣಿ ಅದು. ಐದನೇ ಇಯತ್ತೆಯ ಹುಡುಗ ಡಿಗ್ರಿ ಮುಗಿಸಿ ಊರು ಬಿಟ್ಟರೂ ಅದು ಮನೆಯಲ್ಲೇ ಇರುತ್ತದೆ.

ಆರೆಂಟು ತಿಂಗಳಿಗೆ ಹುಡುಗ ತಾಯಿಗೆ ಹೇಳುತ್ತಾನೆ: ‘ಯವ್ವಾ, ಇದು ಯಾಕೋ ಟೊಂಗಿ ಏರವಲ್ದು. ಹೊಟ್ಟಿ ಎಳಕೊಂಡು ನಡೀತೈತಿ.’ ‘ಬಿಸಲಿನ ಝಳಕ್ಕ ಹಂಗ ಆಗಿರಬೇಕು ಬಿಡೋ’ ಎಂದು ತಾಯಿ ಸಮಾಧಾನ ಹೇಳುತ್ತಾಳೆ. ಮುಟ್ಟಿ ನೋಡಿದರೆ ಕೆಳದವಡೆ ರಬ್ಬರಿನಂತೆ ಮೆತ್ತಗೆ. ಹಿಂಗಾಲು ದಪ್ಪಗಾಗಿ, ಮೈಕೈ ತುಂಬಿಕೊಂಡಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಬೆರಳುಗಳು ಆಗಾಗ ನಡುಗುತ್ತವೆ. ಸಾಕಿದ ಹಲ್ಲಿಗಳಿಗೆ ಬರುವ ರೋಗಗಳಲ್ಲಿ ಬಹು ಸಾಮಾನ್ಯವಾದದ್ದು ಇದು, ಎಲುಬು ಮೆತ್ತಗಾಗುವ ರೋಗ.

ಎಮ್ಮೆ ಕಟ್ಟಿದ ಮನೆಯವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ಈದ ಎಮ್ಮೆ ಹಾಲಿನ ಜ್ವರ ಬಂದು ನೆಲಹಿಡಿದಾಗ ಡಾಕ್ಟರು ಕ್ಯಾಲ್ಸಿಯಂ ಬಾಟಲಿ ಏರಿಸುತ್ತಾರೆ. ಹಾಲಿಗೆ ಸುಣ್ಣದಂಶ ಹರಿದುಹೋಗಿ ರಕ್ತದಲ್ಲಿ ಕೊರತೆಯಾದದ್ದು ಅಲ್ಲಿಯ ಕಾರಣ. ಹಲ್ಲಿಯಲ್ಲಿ ಕೊರತೆ ನಿಧಾನವಾಗಿ ಬೆಳೆಯುತ್ತದೆ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಊಟದಿಂದ ಸಿಗದಾಗ ಮೈ ತನ್ನ ಎಲುಬನ್ನೇ ಕರಗಿಸಿ ಕೊಡುತ್ತದೆ. ಎಲುಬಿನ ಜಾಗದಲ್ಲಿ ನಾರು ಬೆಳೆದು ಕಾಲು ದಪ್ಪಗೆ ಕಾಣುತ್ತದೆ. ಟೊಂಗೆಯಿಂದ ಒಮ್ಮೆ ಜಾರಿದರೆ ಸಾಕು, ಮುರಿಯುತ್ತದೆ.

ಕಾರಣಗಳು ಎರಡು, ಎರಡೂ ಜಾಗದಲ್ಲೇ ಇವೆ. ಮೊದಲನೆಯದು ಬೆಳಕು. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಯುವಿ-ಬಿ ಎಂಬ ಭಾಗ ಚರ್ಮಕ್ಕೆ ತಾಗಿದಾಗ ಡಿ ಜೀವಸತ್ವ ತಯಾರಾಗುತ್ತದೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿಯ ಗಾಜು ಬೆಳಕನ್ನು ಬಿಟ್ಟರೂ ಈ ಕಿರಣಗಳನ್ನು ತಡೆಯುತ್ತದೆ. ಪೆಟ್ಟಿಗೆಯ ಸಾಮಾನ್ಯ ಬಲ್ಬು ಕಾವು ಕೊಡುತ್ತದೆಯೇ ಹೊರತು ಈ ಕಿರಣ ಕೊಡುವುದಿಲ್ಲ. ಅದಕ್ಕೆಂದೇ ಮಾಡಿದ ದೀಪಗಳಿವೆ. ಅವೂ ಆರು ತಿಂಗಳಿಂದ ವರ್ಷದೊಳಗೆ ಕಸುವು ಕಳೆದುಕೊಳ್ಳುತ್ತವೆ, ಉರಿಯುತ್ತಿದ್ದರೂ ಬದಲಿಸಬೇಕು. ನವಲಗುಂದದಲ್ಲಿ ಇದಕ್ಕೆ ಕಾಸಿಲ್ಲದ ದಾರಿಯೂ ಉಂಟು. ತಂತಿಬಲೆಯ ಪಂಜರವನ್ನು ಎಳೆಬಿಸಿಲಿಗೆ, ಅರ್ಧ ನೆರಳಾಗುವಂತೆ, ಒಳಗೆ ನೀರಿಟ್ಟು, ಯಾರಾದರೂ ಕಾವಲಿದ್ದು ಇಡಬಹುದು. ಗಾಜಿನ ಪೆಟ್ಟಿಗೆಯನ್ನು ಮಾತ್ರ ಬಿಸಿಲಿಗೆ ಇಡಲೇಬಾರದು. ಅದು ಕೆಲವೇ ನಿಮಿಷಗಳಲ್ಲಿ ಒಲೆಯಾಗಿ ಪ್ರಾಣಿ ಬೆಂದುಹೋಗುತ್ತದೆ.

ಎರಡನೆಯದು ಊಟ. ಇಗುವಾನಾ ಎಲೆ ತಿನ್ನುವ ಪ್ರಾಣಿ. ಮನೆಯವರು ಅಕ್ಕರೆಯಿಂದ ಕೊಡುವ ಅನ್ನ, ಚಪಾತಿ, ಬಾಳೆಹಣ್ಣು, ಮೊಟ್ಟೆ ಅದರ ಊಟವಲ್ಲ. ಊಟದಲ್ಲಿ ರಂಜಕದ ಎರಡು ಪಟ್ಟು ಕ್ಯಾಲ್ಸಿಯಂ ಇದ್ದರೆ ಒಳ್ಳೆಯದು. ನುಗ್ಗೆಸೊಪ್ಪು, ದನಕ್ಕೆ ಬೆಳೆಯುವ ಕುದುರೆ ಮಸಾಲೆ, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ-ಹೂವು, ತುರಿದ ಕುಂಬಳಕಾಯಿ ಇವೆಲ್ಲ ಹಿತ್ತಲಲ್ಲೋ ಸಂತೆಯಲ್ಲೋ ಸಿಗುತ್ತವೆ. ಪಾಲಕ್ ಸೊಪ್ಪು ದಿನಾಲೂ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹುಳ ತಿನ್ನುವ ಹಲ್ಲಿಗಳದು ಬೇರೆ ಲೆಕ್ಕ. ಮಿಡತೆ, ಜೀರುಂಡೆಗಳಲ್ಲಿ ಕ್ಯಾಲ್ಸಿಯಂ ಕಡಿಮೆ, ಆದ್ದರಿಂದ ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಾರೆ. ಹುಳ ತರುವ ಜಾಗವನ್ನೂ ನೋಡಬೇಕು. ಕಡಲೆಗೋ ಹತ್ತಿಗೋ ಔಷಧ ಹೊಡೆದ ಹೊಲದ ಹುಳ ತಿಂದ ಹಲ್ಲಿ ಆ ಹೊಲದ ವಿಷವನ್ನೇ ತಿಂದಂತೆ.

ಎಲುಬು ಮೆತ್ತಗಾದದ್ದು ಆರಂಭದಲ್ಲೇ ಗೊತ್ತಾದರೆ ಡಾಕ್ಟರು ಕೊಡುವ ಕ್ಯಾಲ್ಸಿಯಂ, ಸರಿಯಾದ ಬೆಳಕು, ಸರಿಯಾದ ಊಟದಿಂದ ಕೆಲವು ತಿಂಗಳುಗಳಲ್ಲಿ ಸುಧಾರಿಸುತ್ತದೆ. ಸೊಟ್ಟಗಾದ ಬೆನ್ನು, ದವಡೆ ಮಾತ್ರ ಮತ್ತೆ ನೆಟ್ಟಗಾಗುವುದಿಲ್ಲ. ಅದಕ್ಕೇ ಟೊಂಗೆ ಏರದ ಮೊದಲ ದಿನವೇ ಎಚ್ಚರವಾಗಬೇಕು.

ಎರಡನೆಯ ತೊಂದರೆ ಪೊರೆಯದು. ಹಲ್ಲಿ ಜಾತಿ ಬೆಳೆಯುತ್ತ ಪೊರೆ ಬಿಡುತ್ತದೆ, ಹಾವಿನಂತೆ ಇಡಿಯಾಗಿ ಅಲ್ಲ, ತುಂಡುತುಂಡಾಗಿ. ಎಷ್ಟೋ ಹಲ್ಲಿಗಳು ಬಿಟ್ಟ ಪೊರೆಯನ್ನು ತಾವೇ ತಿಂದುಬಿಡುತ್ತವೆ. ಆಗ ಮೈ ಮಂಕಾಗಿ ಕಂಡರೆ ಹೆದರಬೇಕಾಗಿಲ್ಲ. ಆದರೆ ಗಾಳಿ ಒಣಗಿದ್ದರೆ ಬೆರಳುಗಳ ಮೇಲೆ, ಬಾಲದ ತುದಿಯಲ್ಲಿ ಪೊರೆ ಉಂಗುರದಂತೆ ಉಳಿಯುತ್ತದೆ. ಅದು ಬಿಗಿದು ರಕ್ತ ತಡೆದರೆ ಬೆರಳು ಕಪ್ಪಾಗಿ ಉದುರುತ್ತದೆ. ಇಗುವಾನಾ ಮೆಕ್ಸಿಕೋದಿಂದ ಬ್ರೆಜಿಲ್‌ವರೆಗಿನ ಹಸಿ ಕಾಡಿನದು. ನವಲಗುಂದದ ಏಪ್ರಿಲ್-ಮೇ ತಿಂಗಳ ಒಣಗಾಳಿಯಲ್ಲಿ ಅದಕ್ಕೆ ಪೊರೆ ಹಿಡಿಯುವುದು ಸಹಜ. ಅಗಲ ಬುಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹೆಗಲು ಮುಳುಗದಷ್ಟು ಆಳದಲ್ಲಿ ಇಪ್ಪತ್ತು ನಿಮಿಷ ಬಿಟ್ಟು, ಒದ್ದೆ ಅರಿವೆಯಿಂದ ಮೆಲ್ಲಗೆ ಸವರಿದರೆ ಪೊರೆ ಬರುತ್ತದೆ. ಬರದಿದ್ದರೆ ಮರುದಿನ ಮತ್ತೆ. ಉಗುರಿನಿಂದ ಕಿತ್ತರೆ ಕೆಳಗಿನ ಹಸಿ ಚರ್ಮವೂ ಕಿತ್ತು ಬರುತ್ತದೆ. ಈ ಸ್ನಾನದಲ್ಲಿ ಅದು ನೀರನ್ನೂ ಕುಡಿಯುತ್ತದೆ. ಕಣ್ಣು ಗುಳಿಬಿದ್ದು, ಚಿವುಟಿದ ಚರ್ಮ ಹಾಗೇ ನಿಂತರೆ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು.

ಡಿಸೆಂಬರ್-ಜನವರಿಯಲ್ಲಿ ಮಾತೇ ಬೇರೆ. ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಇಗುವಾನಾಕ್ಕೆ ರಾತ್ರಿಯೂ 24 ಡಿಗ್ರಿಯ ಮೇಲಿರಬೇಕು. ಹಗಲು ಪೆಟ್ಟಿಗೆಯ ಒಂದು ಬದಿ 35 ಡಿಗ್ರಿ, ಇನ್ನೊಂದು ಬದಿ 27ರ ಸುಮಾರು ಇದ್ದರೆ ಬೇಲಿಯ ಮೇಲಿನ ಓತಿಯಂತೆ ಅದು ತನಗೆ ಬೇಕಾದ ಕಾವನ್ನು ಆರಿಸಿಕೊಳ್ಳುತ್ತದೆ. ಕರೆಂಟು ಹೋಗಿ ಬಲ್ಬು ಆರಿದ ರಾತ್ರಿಗಳು ಸಾಲಾಗಿ ಬಂದರೆ ನೆಗಡಿ ಎದೆಗಿಳಿಯುತ್ತದೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಕತ್ತು ಮೇಲೆತ್ತಿ ಗಾಳಿಗೆ ಹಂಬಲಿಸುವುದು ಇದರ ಗುರುತು. ಬಿಸಿಲಲ್ಲಿ ಕುಳಿತು ಬಾಯಿ ತೆರೆಯುವುದು ರೋಗವಲ್ಲ, ಮೈ ತಂಪು ಮಾಡಿಕೊಳ್ಳುವ ಉಪಾಯ. ತಂಪು ಜಾಗದಲ್ಲಿದ್ದೂ ಬಾಯಿ ತೆರೆದಿದ್ದರೆ ಅದು ರೋಗ. ಹಲ್ಲಿಗಳಿಗೆ ಮನುಷ್ಯರಂತೆ ವಪೆ ಇಲ್ಲ, ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಆದ್ದರಿಂದ ತಡಮಾಡಿದಷ್ಟೂ ಅಪಾಯ.

ಬಾಯಿಯ ಅಂಚು ಕೆಂಪಾಗಿ, ಒಸಡಿನ ಮೇಲೆ ಹಳದಿ ಗಟ್ಟಿ ಪದಾರ್ಥ ಕಂಡರೆ ಅದು ಬಾಯಿಹುಣ್ಣು. ಹಲ್ಲಿಯ ಕೀವು ಮನುಷ್ಯರ ಕೀವಿನಂತೆ ಸೋರುವುದಿಲ್ಲ, ಗಿಣ್ಣದಂತೆ ಗಟ್ಟಿಯಾಗಿರುತ್ತದೆ. ಮೈಮೇಲೆ ಎದ್ದ ಗಂಟೂ ಬಹಳ ಸಲ ಇಂಥ ಕೀವೇ ಆಗಿರುತ್ತದೆ. ತಾನಾಗಿ ಒಡೆಯದು, ಡಾಕ್ಟರೇ ಕೊಯ್ದು ತೆಗೆಯಬೇಕು. ಕಣ್ಣಿನ ಸುತ್ತ, ಕಂಕುಳ ಮಡಿಕೆಯಲ್ಲಿ ಓಡಾಡುವ ಕೆಂಪು-ಕಪ್ಪು ಚುಕ್ಕಿಗಳು ನುಸಿಗಳು. ಬಲ್ಬಿಗೆ ಅಂಟಿಕೊಂಡು ಕುಳಿತು ಹೊಟ್ಟೆ ಸುಟ್ಟುಕೊಳ್ಳುವುದೂ ಉಂಟು. ಅದಕ್ಕೆ ಬಲ್ಬಿಗೆ ಜಾಳಿಗೆ ಇರಬೇಕು.

ಹಿಕ್ಕೆಯನ್ನು ನೋಡಲು ಹೇಸಬಾರದು. ಕಪ್ಪು ಭಾಗದ ಜೊತೆ ಬಿಳಿ ಭಾಗ ಇದ್ದೇ ಇರುತ್ತದೆ, ಅದು ಗಟ್ಟಿಯಾದ ಮೂತ್ರ. ಅದನ್ನು ಕಂಡು ಗಾಬರಿಯಾಗುವವರಿದ್ದಾರೆ. ಹಿಕ್ಕೆ ನೀರಾಗಿದ್ದರೆ, ನಾತ ಹೆಚ್ಚಿದ್ದರೆ, ತಿಂದರೂ ಬಾಲದ ಬುಡ ಸೊರಗುತ್ತಿದ್ದರೆ ಹೊಟ್ಟೆಯಲ್ಲಿ ಜಂತು ಇರಬಹುದು. ಕೆಲವು ದಿನ ಹಿಕ್ಕೆಯೇ ಇಲ್ಲದಿದ್ದರೆ ಮರಳು ತಿಂದು ಕಟ್ಟಿಕೊಂಡಿರಬಹುದು. ಪೆಟ್ಟಿಗೆಗೆ ಮರಳಿಗಿಂತ ಹಳೆಯ ಪತ್ರಿಕೆಯ ಹಾಳೆ ಲೇಸು. ಹೆಣ್ಣಾದರೆ ಗಂಡು ಜೊತೆಗಿಲ್ಲದಿದ್ದರೂ ತತ್ತಿ ಕಟ್ಟುತ್ತದೆ. ಹೊಟ್ಟೆ ಉಬ್ಬಿ, ಊಟ ಬಿಟ್ಟು, ಮೂಲೆ ಕೆರೆಯುತ್ತಿದ್ದರೆ ಅದಕ್ಕೆ ತತ್ತಿಯಿಡಲು ಹಸಿಮಣ್ಣಿನ ಜಾಗ ಬೇಕಾಗಿದೆ. ಜಾಗ ಸಿಗದೆ ತತ್ತಿ ಒಳಗೇ ಉಳಿದರೆ ಜೀವಕ್ಕೇ ಕುತ್ತು.

‘ದನದ ದವಾಖಾನ್ಯಾಗ ಇದನ್ನ ನೋಡ್ತಾರೇನು?’ ಎಂಬುದು ಮನೆಯವರ ಮುಂದಿನ ಪ್ರಶ್ನೆ. ತಾಲ್ಲೂಕಿನ ಪಶು ಆಸ್ಪತ್ರೆಯ ದಿನನಿತ್ಯದ ಕೆಲಸ ಎತ್ತು, ಎಮ್ಮೆ, ಕುರಿ. ಆದರೂ ಮೊದಲು ಅಲ್ಲಿಗೇ ಹೋಗುವುದು ಸರಿ. ಹಿಕ್ಕೆಯ ಪರೀಕ್ಷೆಗೆ ಸೂಕ್ಷ್ಮದರ್ಶಕ ಸಾಕು, ಎಲುಬಿಗೆ ಎಕ್ಸ್‌ರೇ ಸಾಕು, ಮುಂದಿನ ದಾರಿಯನ್ನು ಅವರೇ ತೋರಿಸುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗಳಿವೆ. ಹೋಗುವಾಗ ಪ್ರಾಣಿಯನ್ನು ಅರಿವೆಯ ಚೀಲದಲ್ಲಿ ಹಾಕಿ ಗಾಳಿಯಾಡುವ ಡಬ್ಬಿಯಲ್ಲಿಟ್ಟು, ಅಂದಿನ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಒಯ್ಯಬೇಕು. ಪೆಟ್ಟಿಗೆಯ ಫೋಟೋ, ಬಲ್ಬಿನ ಹೆಸರು, ತಿನಿಸಿನ ಪಟ್ಟಿ ಜೊತೆಗಿದ್ದರೆ ಅರ್ಧ ರೋಗ ಪತ್ತೆಯಾದಂತೆ.

ಹಲ್ಲಿಯ ಚಿಕಿತ್ಸೆಯಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದೆರಡು ಸ್ವಾರಸ್ಯಗಳಿವೆ. ಅದರ ಹಿಂಗಾಲಿನ ರಕ್ತ ಹೃದಯಕ್ಕೆ ಮರಳುವ ಮೊದಲು ಮೂತ್ರಪಿಂಡಗಳ ಮೂಲಕ ಹಾಯಬಲ್ಲದು. ಹಿಂಗಾಲಿಗೆ ಚುಚ್ಚಿದ ಔಷಧ ಅಲ್ಲಿಯೇ ಸೋರಿಹೋಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಹುದು. ಅದಕ್ಕೇ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಮುಂಗಾಲಿಗೆ ಕೊಡುತ್ತಾರೆ. ಅದರ ಮೈಯ ವ್ಯವಹಾರವೆಲ್ಲ ನಿಧಾನವಾದ್ದರಿಂದ ಕೆಲವು ಔಷಧಗಳನ್ನು ಎರಡು ಮೂರು ದಿನಕ್ಕೊಮ್ಮೆ, ವಾರಗಟ್ಟಲೆ ಕೊಡಬೇಕಾಗುತ್ತದೆ. ಪೆಟ್ಟಿಗೆ ತಣ್ಣಗಿದ್ದರೆ ಆ ಔಷಧವೂ ಕೆಲಸ ಮಾಡದು.

ಮನೆಮದ್ದಿನ ಆಸೆ ಇಲ್ಲಿ ಬೇಡ. ಗಾಯಕ್ಕೆ ಕಾಫಿಪುಡಿ, ಅರಿಷಿಣ ತುಂಬಬಾರದು. ನೀರು ಬೆರೆಸಿ ತೆಳು ಚಹಾದ ಬಣ್ಣಕ್ಕೆ ತಂದ ಪೊವಿಡೋನ್ ಅಯೋಡಿನ್‌ನಿಂದ ತೊಳೆದು ಸ್ವಚ್ಛ ಕಾಗದದ ಮೇಲೆ ಬಿಟ್ಟರೆ ಸಾಕು. ದನದ ಉಣ್ಣೆಗೆ ತಂದ ಔಷಧವನ್ನು ಹಲ್ಲಿಯ ನುಸಿಗೆ ಹಚ್ಚಿದರೆ ನುಸಿಯ ಜೊತೆ ಹಲ್ಲಿಯೂ ಹೋಗುತ್ತದೆ. ಮಕ್ಕಳ ಜ್ವರದ ಗುಳಿಗೆ, ಉಳಿದ ಆ್ಯಂಟಿಬಯೋಟಿಕ್, ಅಳತೆಯಿಲ್ಲದ ವಿಟಮಿನ್ ಹನಿ ಯಾವುದೂ ಡಾಕ್ಟರು ಹೇಳದೆ ಬೇಡ.

ಹಲ್ಲಿಯ ಆರೋಗ್ಯದ ಜೊತೆ ಮಕ್ಕಳ ಆರೋಗ್ಯವೂ ಇದೆ. ಆರೋಗ್ಯವಾಗಿ ಕಾಣುವ ಹಲ್ಲಿಯ ಕರುಳಿನಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದು ಮನುಷ್ಯರ ಹೊಟ್ಟೆ ಸೇರಿದರೆ ವಾಂತಿಭೇದಿ, ಜ್ವರ. ಹಲ್ಲಿ ಬಿದ್ದ ಹಾಲಿಗೆ ವಿಷವೇರುತ್ತದೆ ಎಂದು ಹಿರಿಯರು ಹೆದರುವುದಕ್ಕೂ ಇಂಥ ರೋಗಾಣುವೇ ಕಾರಣವಾಗಿರಬಹುದು. ಮನೆಯ ಹಲ್ಲಿಯಲ್ಲಾಗಲಿ ಓತಿಯಲ್ಲಾಗಲಿ ವಿಷವಿಲ್ಲ, ಓತಿ ದೂರದಿಂದ ರಕ್ತ ಹೀರುತ್ತದೆ ಎಂಬುದೂ ಬರಿಯ ಮಾತು. ಸಂತಾನದ ಕಾಲದಲ್ಲಿ ಗಂಡಿನ ಕೊರಳು ಕೆಂಪಾಗುತ್ತದೆ, ಅಷ್ಟೆ. ಪ್ರಾಣಿಯನ್ನಾಗಲಿ ಪೆಟ್ಟಿಗೆಯನ್ನಾಗಲಿ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಅದರ ಬಟ್ಟಲುಗಳನ್ನು ಅಡಿಗೆಮನೆಯಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಗೆ ಇಂಥ ಪ್ರಾಣಿ ಬೇಡವೆನ್ನುವುದೇ ಒಳ್ಳೆಯದು.

ಸಾಕದ ಮನೆಯಲ್ಲೂ ಚಿಕಿತ್ಸೆಯ ಪ್ರಸಂಗ ಬರುತ್ತದೆ. ಬೆಕ್ಕಿನ ಬಾಯಿಯಿಂದ ಬಿಡಿಸಿದ ಓತಿ, ಇಲಿಗೆಂದು ಇಟ್ಟ ಅಂಟುಹಲಗೆಗೆ ಸಿಕ್ಕ ಹಲ್ಲಿ ಮಕ್ಕಳ ಕಣ್ಣಿಗೇ ಮೊದಲು ಬೀಳುತ್ತವೆ. ಅಂಟಿಗೆ ಅಡಿಗೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಕಾಲುಗಳನ್ನು ಒಂದೊಂದಾಗಿ ಸಡಿಲಿಸಬಹುದು, ಎಳೆಯಬಾರದು. ಬಾಲ ಹರಿದ ಹಲ್ಲಿಗೆ ಏನೂ ಮಾಡಬೇಕಾಗಿಲ್ಲ, ಬಾಲ ಮತ್ತೆ ಬರುತ್ತದೆ. ಓತಿ ಹಾಗೆ ಬಾಲ ಕಳಚುವ ಜಾತಿಯಲ್ಲ, ಅದರ ಬಾಲ ಹರಿದಿದ್ದರೆ ಯಾರೋ ಹರಿದದ್ದೇ. ಗಾಯಗೊಂಡದ್ದನ್ನು ತೂತಿರುವ ಡಬ್ಬಿಯಲ್ಲಿ, ಗದ್ದಲವಿಲ್ಲದ ಕಡೆ ಕೆಲವು ಗಂಟೆ ಇಟ್ಟು, ಚೇತರಿಸಿಕೊಂಡ ಮೇಲೆ ಸಿಕ್ಕ ಜಾಗದಲ್ಲೇ ಬಿಡಬೇಕು. ಉಡವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಬೇಸರ ಬಂದ ಇಗುವಾನಾವನ್ನು ಮಾತ್ರ ಹಾಗೆ ಕಾಲುವೆ ದಂಡೆಗೆ ಬಿಟ್ಟುಬರುವಂತಿಲ್ಲ. ಒಣಹವೆಯಲ್ಲಿ ಅದು ಸಾಯಬಹುದು. ಬದುಕಿದರೆ ಇನ್ನೊಂದು ಕಷ್ಟ. ಅಮೆರಿಕದ ಫ್ಲಾರಿಡಾದಲ್ಲಿ ಹೊರಗಿನಿಂದ ಬಂದ ಇಗುವಾನಾಗಳು ಹಬ್ಬಿ, ತೋಟ ತಿಂದು, ಕಾಲುವೆಯ ದಂಡೆಗಳಲ್ಲಿ ಬಿಲ ತೋಡಿ ಪೀಡೆಯಾಗಿವೆ. ತರುವ ಮೊದಲೇ ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ತರಬೇಕು. ಕೊಡಲಾರದ ಮನೆಯಲ್ಲಿ ಕಾಕಾನಿಗೆ ಬೇಡವೆಂದು ಹೇಳುವ ಧೈರ್ಯ ತಂದೆತಾಯಿಗಳಿಗೆ ಇರಬೇಕು. ಮಗ ಎರಡು ದಿನ ಮುನಿಸಿಕೊಂಡಾನು.

ಮುನಿಸಿಕೊಂಡ ಹುಡುಗನಿಗೆ ಕೊಡಲು ಬೇರೆ ಕೆಲಸವಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದ ಮೇಲೆ ಕನ್ನಡದ ಎಷ್ಟೋ ಹುಡುಗರು ಹಾರುವ ಓತಿಯ ಕನಸು ಕಂಡರು. ಅದು ಮಲೆನಾಡಿನದು. ಬಯಲುನಾಡಿಗೂ ತನ್ನದೇ ಓತಿಗಳಿವೆ. ದಖನ್ ಬಯಲಿನಲ್ಲಿ ಕೊರಳ ಕೆಳಗಿನ ಬಣ್ಣದ ಬೀಸಣಿಗೆ ಬಿಚ್ಚಿ ಹೆಣ್ಣನ್ನು ಕರೆಯುವ ಸಣ್ಣ ಓತಿಗಳಲ್ಲಿ ಕೆಲವಕ್ಕೆ 2016ರಲ್ಲಷ್ಟೇ ವಿಜ್ಞಾನಿಗಳು ‘ಸರಡಾ’ ಎಂಬ ಹೊಸ ಕುಲದ ಹೆಸರಿಟ್ಟರು. ಅಂದರೆ ನೋಡಬೇಕಾದದ್ದು ಇನ್ನೂ ಬಹಳ ಉಳಿದಿದೆ.

ಒಂದು ಇನ್ನೂರು ಪುಟದ ನೋಟುಬುಕ್ಕು ಸಾಕು. ಬೇಲಿಯ ಓತಿ ಎಷ್ಟು ಗಂಟೆಗೆ ಬಂತು, ಬಿಸಿಲಲ್ಲಿತ್ತೋ ನೆರಳಲ್ಲಿತ್ತೋ, ಯಾವ ಬಣ್ಣ, ಏನು ತಿಂದಿತು, ಪೊರೆ ಯಾವಾಗ ಬಿಟ್ಟಿತು, ದಿನಕ್ಕೆ ಎರಡು ಸಾಲು. ಶಾಲೆಯ ವಿಜ್ಞಾನ ಮಾಸ್ತರು ವಾರಕ್ಕೊಮ್ಮೆ ನೋಡಿ ರುಜು ಹಾಕಿದರೆ ಹುರುಪು ಹೆಚ್ಚುತ್ತದೆ. ಇಗುವಾನಾ ಈಗಾಗಲೇ ಮನೆಯಲ್ಲಿದ್ದರೆ ಅದೇ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ, ತಕ್ಕಡಿಯಲ್ಲಿ ತೂಗಿ ವಾರದ ತೂಕ ಬರೆಯಬೇಕು. ಮೂರು ವಾರ ತೂಕ ಇಳಿದದ್ದು ಕಣ್ಣಿಗೆ ಕಾಣದಿದ್ದರೂ ಬುಕ್ಕಿನಲ್ಲಿ ಕಾಣುತ್ತದೆ. ಡಾಕ್ಟರು ಮೇಜಿನ ಮೇಲೆ ಪ್ರಾಣಿಯನ್ನಿಟ್ಟುಕೊಂಡು ‘ಯಾವತ್ತಿನಿಂದ ಹಿಂಗದ ತಮ್ಮಾ?’ ಎಂದು ಕೇಳಿದಾಗ ತಂದೆತಾಯಿ ಒಬ್ಬರ ಮುಖ ಒಬ್ಬರು ನೋಡಬೇಕಾಗುವುದಿಲ್ಲ. ಹುಡುಗ ಪುಟ ತೆಗೆದು ತಾರೀಖು ತೋರಿಸುತ್ತಾನೆ.